ಮಗಳನ್ನು ಓದಿಸುವವರ ಮನೆಗೆ

ನನ್ನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ತಿಳವಳ್ಳಿಯಲ್ಲಿ ಎಲ್ಲರೂ ಅವಳನ್ನು ಮೂಗಿ ಅನ್ನುತ್ತಿದ್ದರು. ಅವಳಿಗೆ ಎಂಟು ವರ್ಷವಾದಾಗ ಹಿರೇಕೆರೂರಿನ ಒಬ್ಬ ಹಿರಿಯ ಹೆಣ್ಣುಮಗಳು ಕಾರಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಊರಿನ ಮಾಸ್ತರರು ನಮ್ಮ ವಿಷಯ ಹೇಳಿದ್ದರಂತೆ. ಸವಣೂರಿನಲ್ಲಿ ಇಂಥ ಮಕ್ಕಳಿಗೆ ಶಾಲೆಯಿದೆ, ಅಲ್ಲೇ ಉಳಿಯಬಹುದು, ಖರ್ಚೆಲ್ಲ ನನ್ನದು ಎಂದರು. ನಾವು ಅವರನ್ನು ಅಕ್ಕಾರು ಅಂತಲೇ ಕರೆದೆವು.

ಖುಷಿಪಡುವ ಬದಲು ನಾನು ಒಳಗೊಳಗೇ ಹೆದರಿದೆ. ಅವರು ನಮ್ಮ ಜಾತಿ ಕೇಳಲಿಲ್ಲ, ಹೊಲ ಎಷ್ಟು ಅಂತ ಕೇಳಲಿಲ್ಲ. ಮಗಳ ಎರಡೂ ಕೈ ಹಿಡಿದು, "ಇಕಿ ಕೈಮಾಡಿ ಏನೇನ್ ಹೇಳ್ತಾಳ್ರಿ?" ಎಂದು ಮಾತ್ರ ಕೇಳಿದರು.

ಕಾರು ಹೋದದ್ದೇ ಅತ್ತೆ ಶುರು ಮಾಡಿದಳು: "ಪುಕ್ಕಟ ಯಾರ ಓದಸ್ತಾರಬೇ? ನಾಳೆ ಎಲ್ಲಿಗೆ ಒಯ್ತಾರೋ ಯಾರಿಗ್ಗೊತ್ತು!"

"ಇಲ್ಲೇ ಇದ್ರ ಏನ್ ಮಾಡ್ತಾಳ?" ಎಂದರು ನನ್ನ ಗಂಡ. ಕೊನೆಗೆ ಮಗಳನ್ನು ಸವಣೂರಿಗೆ ಕಳಿಸಿದೆವು.

ಆಮೇಲೆ ಹೇಳದೆ ಕೇಳದೆ ಸವಣೂರಿನ ಬಸ್ಸು ಹತ್ತುವುದೇ ನನ್ನ ಕೆಲಸವಾಯಿತು. ಹೋದಾಗಲೆಲ್ಲ ಮಗಳ ತೋಳು, ಬೆನ್ನು ತಡವಿ ನೋಡುತ್ತಿದ್ದೆ, ಎಲ್ಲಾದರೂ ಬಾಸುಂಡೆ ಇದೆಯೇನೋ ಅಂತ. ಏನೂ ಇರಲಿಲ್ಲ. ಮೈಕೈ ತುಂಬಿಕೊಂಡಿದ್ದಳು. ಬೇರೆ ಮಕ್ಕಳ ಜೊತೆ ಕೈ ಆಡಿಸುತ್ತ ನಗುತ್ತಿದ್ದಳು. ಅದೂ ನನಗೆ ಸಮಾಧಾನ ಕೊಡಲಿಲ್ಲ. ಇಷ್ಟು ಚೆನ್ನಾಗಿ ಸಾಕುತ್ತಿರುವುದು ಯಾತಕ್ಕೆ?

ಎರಡನೆಯ ವರ್ಷ, ದಸರೆಯ ರಜೆಗೆ ಮುಂಚೆ, ಹಿರೇಕೆರೂರಿನಿಂದ ಅಕ್ಕಾರ ಫೋನು ಬಂತು. "ತಂಗಿ, ರಜಾದಾಗ ಮಗಳನ್ನ ನಾಕ ದಿನ ನಮ್ಮನಿಗೆ ಕಳಸ್ರಿ."

ಬಂತು ನೋಡು, ಅಂದುಕೊಂಡೆ.

"ಯಾಕ್ರಿ ಅಕ್ಕಾರ?"

"ಫೋನಿನ್ಯಾಗ ಹೇಳಾಕ ಬರಂಗಿಲ್ಲ."

"ಹಂಗಾದ್ರ ನಾನೂ ಬರ್ತೇನ್ರಿ."

"ಬರ್ರಿ," ಎಂದರು.

ದೊಡ್ಡ ಮನೆ. ಪಡಸಾಲೆಯ ಮಂಚದ ಮೇಲೆ ಒಬ್ಬ ಮುದುಕ ಕೂತಿದ್ದ. ಆಗಷ್ಟೇ ಕ್ಷೌರ ಮಾಡಿಸಿ ಹೊಸ ಅಂಗಿ ತೊಡಿಸಿದ್ದರು. ಅವನು ಕಣ್ಣು ಕದಲಿಸದೆ ಮಗಳನ್ನು ನೋಡಿದ. ನಾನು ಅವಳನ್ನು ಎಳೆದು ಬೆನ್ನ ಹಿಂದೆ ನಿಲ್ಲಿಸಿಕೊಂಡೆ.

"ನಮ್ಮಣ್ಣರಿ," ಎಂದರು ಅಕ್ಕಾರು. "ಇವಗೂ ಕಿವಿ ಕೇಳಂಗಿಲ್ಲ. ನಮ್ಮಪ್ಪ ಸಾಲಿಗೆ ಹಾಕಲಿಲ್ಲ, ಮಂದಿ ಏನಂತಾರೋ ಅಂತ ಮನ್ಯಾಗ ಇಟ್ಕೊಂಡ್ರು. ಊಟ, ನೀರು, ನಿದ್ದಿ, ಇಷ್ಟ ಕೈಸನ್ನಿ ಇವಗ ಗೊತ್ತು. ಒಂದ ಮನ್ಯಾಗ ಬೆಳದ್ವಿ, ಒಂದ ಮಾತ ಆಡಿಲ್ಲ ನಾವು. ಇಕಿ ಇವಗ ಕೈಮಾತ ಕಲಸ್ಲಿ ಅಂತ ಕರಸೇನ್ರಿ."

ನನಗೆ ಸಿಟ್ಟು ಬಂತು. "ಅದಕ್ಕ ನನ್ನ ಮಗಳನ್ನ ಓದಿಸಿದ್ರೇನ್ರಿ?"

"ಹೌದ್ರಿ," ಎಂದರು ನನ್ನ ಮುಖ ನೋಡುತ್ತಲೇ. "ಮೊದಲ ಹೇಳಿದ್ರ ನೀವು ಕಳಸ್ತಿದ್ದಿಲ್ಲ."

ಸುಳ್ಳಲ್ಲ. ಆದರೂ ಸಂಜೆಯ ಬಸ್ಸಿಗೇ ಹೊರಟುಬಿಡಬೇಕು ಅಂತ ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಮಗಳು ನನ್ನ ಹಿಂದಿನಿಂದ ಜಾರಿ ಮಂಚದ ಮುಂದೆ ಕೂತಿದ್ದಳು. ಕೆಳಗೆ ಮಲಗಿದ್ದ ಬೆಕ್ಕನ್ನು ತೋರಿಸಿ, ಎರಡೂ ಕೆನ್ನೆಯ ಹತ್ತಿರ ಬೆರಳು ತಂದು ಮೀಸೆ ಎಳೆದಳು. ಮುದುಕ ಮುಖ ತಿರುಗಿಸಿದ. ಅವಳು ಅವನ ಬೆರಳು ಹಿಡಿದು ಅವನದೇ ಕೆನ್ನೆಗೆ ಒಯ್ದಳು. ಅವನು ಕೈ ಕೊಡವಿದ. ನಾನು ಎದ್ದು ನಿಂತೆ. ಅವಳಿಗೆ ಅದರ ಪರಿವೆಯೇ ಇಲ್ಲ, ಮತ್ತೆ ಬೆಕ್ಕು, ಮತ್ತೆ ಮೀಸೆ.

ಕೊನೆಗೊಮ್ಮೆ ಮುದುಕ ತಾನೇ ಬೆಕ್ಕಿನ ಕಡೆ ಬೆರಳು ಮಾಡಿದ. ಆಮೇಲೆ ನಿಧಾನಕ್ಕೆ ತನ್ನ ಕೆನ್ನೆಯ ಮೇಲೆ ಮೀಸೆ ಎಳೆದ. ಬಾಗಿಲು, ಚೆಂಬು, ಕಿಟಕಿ, ಒಂದೊಂದನ್ನೇ ತೋರಿಸಿ ಅವಳ ಕೈ ನೋಡತೊಡಗಿದ. ಎಲ್ಲ ಮುಗಿದ ಮೇಲೆ ತನ್ನ ಎದೆ ಮುಟ್ಟಿಕೊಂಡ.

ಮಗಳು ಯೋಚಿಸಿದಳು. ಅವನ ಗದ್ದದ ಮೇಲೆ ದೊಡ್ಡ ಮಚ್ಚೆ ಇತ್ತು. ತನ್ನ ಗದ್ದಕ್ಕೆ ಬೆರಳು ತಾಗಿಸಿ ಅವನನ್ನು ತೋರಿಸಿದಳು. ಅವನು ಮಚ್ಚೆ ಮುಟ್ಟಿಕೊಂಡ, ಎದೆ ಮುಟ್ಟಿಕೊಂಡ, ಮತ್ತೆ ಮಚ್ಚೆ.

"ಏನಂತ್ರಿ ಅದು?" ಅಕ್ಕಾರು ನನ್ನನ್ನು ಕೇಳಿದರು. ಸವಣೂರಿನ ಶಾಲೆಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹಾಗೆ ಕೈಹೆಸರು ಇಡುವುದನ್ನು ನಾನು ನೋಡಿದ್ದೆ.

"ಹೆಸರ ಇಟ್ಟಾಳ್ರಿ," ಎಂದೆ.

ಅವರು ಅಣ್ಣನ ಮುಂದೆ ಹೋಗಿ ಕೂತು, ತಮ್ಮ ಗದ್ದಕ್ಕೆ ಬೆರಳು ತಾಗಿಸಿ ಅವನನ್ನು ತೋರಿಸಿದರು. ನಾನು ಬಸ್ಸಿಗೆ ಹೋಗಲಿಲ್ಲ.

ಈಗ ಮಗಳು ಒಂಬತ್ತನೆಯ ಇಯತ್ತೆ ಓದುತ್ತಿದ್ದಾಳೆ. ಪ್ರತಿ ರಜೆಗೂ ಹಿರೇಕೆರೂರಿಗೆ ಹೋಗುತ್ತೇವೆ, ಅವಳೊಬ್ಬಳನ್ನೇ ಬಿಟ್ಟದ್ದು ಮಾತ್ರ ಇಲ್ಲ. ಕಾಲೇಜಿಗೂ ನಾನೇ ಕಳಿಸುತ್ತೇನೆ ಅನ್ನುತ್ತಾರೆ ಅಕ್ಕಾರು. "ಅದ್ಯಾಕ್ರಿ?" ಎಂದು ಈಗಲೂ ಕೇಳುತ್ತೇನೆ. ಅವರು ನಗುತ್ತ ಪಡಸಾಲೆಯ ಕಡೆ ಕೈ ತೋರಿಸುತ್ತಾರೆ. ಪಡಸಾಲೆಯಲ್ಲಿ ಮುದುಕ ಮತ್ತು ನನ್ನ ಮಗಳು ಕೈ ಆಡಿಸುತ್ತ ಆಗಾಗ ನನ್ನ ಕಡೆ ನೋಡುತ್ತಾರೆ. ಏನು ಮಾತಾಡುತ್ತಾರೋ, ಪೂರ್ತಿ ತಿಳಿಯುವುದಿಲ್ಲ ನನಗೆ.