ಎದುರು ಸಾಲಿನವರ ದೂರು

ನಾನು ಪುರಸಭೆಯ ಸದಸ್ಯೆಯಾದಾಗ ನಮ್ಮೂರು ಎರಡಾಗಿತ್ತು. ಸರ್ಕಲ್ಲಿನಲ್ಲಿ ಬ್ಯಾನರ್ ಕಟ್ಟುವ ವಿಷಯಕ್ಕೆ ಜಗಳವಾಗಿ ಪೇಟೆಯವರು ಹೊಳೆಬದಿಗೆ ಹೋಗುವುದು ನಿಂತಿತ್ತು. ಹೊಳೆಬದಿಯವರು ಸಾಮಾನಿಗೆ ಪಕ್ಕದೂರು ಫರಂಗಿಪೇಟೆಯ ಬಸ್ಸು ಹತ್ತುತ್ತಿದ್ದರು. ಸಭೆಯಲ್ಲೂ ಪೇಟೆಯ ನಾವು ಕಿಟಕಿಯ ಕಡೆ, ಅವರು ಬಾಗಿಲಿನ ಕಡೆ. ಒಬ್ಬರು ಮಾತಿಗೆ ಎದ್ದರೆ ಎದುರಿನವರು ಮೇಜು ಗುದ್ದುವುದು. ಟೈಲರಿಂಗ್ ಅಂಗಡಿಯಲ್ಲಿ ಮೆಲ್ಲಗೆ ಮಾತಾಡಿಕೊಂಡಿದ್ದ ನಾನೂ ಗುದ್ದಲು ಕಲಿತೆ.

ಆಗ ನಿವೃತ್ತ ಟೀಚರೊಬ್ಬರು ಅಧ್ಯಕ್ಷೆಯಾದರು. ಜವಾನನನ್ನೂ 'ನೀವು' ಎನ್ನುವವರು. ಇನ್ನು ಮುಂದೆ ಯಾರೂ ತಮ್ಮ ವಾರ್ಡಿನ ದೂರು ಹೇಳುವುದು ಬೇಡ, ಎದುರು ಸಾಲಿನವರ ವಾರ್ಡು ನೋಡಿ ಬಂದು ಅಲ್ಲಿಯದನ್ನು ಹೇಳಬೇಕು ಎಂದರು. ದೊಡ್ಡ ಗದ್ದಲವಾಯಿತು. ನಮ್ಮ ಕೈ ಸೋಲುವವರೆಗೂ ಅವರು ಕಾದರು.

"ಹೋಗಿ ನೋಡಿಕೊಂಡು ಬನ್ನಿ, ಆಮೇಲೆ ಮಾತಾಡುವ," ಎಂದರು.

ನನಗೆ ಜೋಡಿಯಾದವರು ದುಬೈಯಿಂದ ಮರಳಿ ಹೊಳೆಬದಿಯಲ್ಲಿ ಬೇಕರಿ ಇಟ್ಟಿದ್ದ ಬ್ಯಾರಿ ಮುಸ್ಲಿಂ ಸದಸ್ಯರು. ಪೇಟೆಯ ಹಿಂದೆ ನನ್ನ ವಾರ್ಡಿನ ಗುಡ್ಡೆಯ ಮನೆಗಳಿಗೆ ನಳ್ಳಿ ನೀರು ಹತ್ತುತ್ತಿರಲಿಲ್ಲ. ಅವರು ಬಂದದ್ದೇ ತಡ, ಹೆಂಗಸರು ನನ್ನ ಮೇಲಿನ ಸಿಟ್ಟನ್ನೂ ಅವರ ಮೇಲೇ ತೀರಿಸಿಕೊಂಡರು. ಒಬ್ಬ ಅಜ್ಜಿ ತುಂಬಿದ ಕೊಡವನ್ನು ಅವರ ಕೈಗೇ ಕೊಟ್ಟು ಮೆಟ್ಟಿಲು ಹತ್ತಿಸಿದಳು. ಏದುಸಿರು ಬಿಡುತ್ತಾ ಇಳಿದು ಬಂದ ಅವರು, "ಅಕ್ಕ, ಇವರು ನಿಮಗೆ ವೋಟು ಹಾಕಿದ್ದು ಹೇಗೆ ಮಾರಾಯ್ರೆ?" ಎಂದು ಕೇಳಿದರು. ನಗಬಾರದೆಂದುಕೊಂಡಿದ್ದರೂ ನಕ್ಕುಬಿಟ್ಟೆ.

ಮರುದಿನ ನನ್ನ ಸರದಿ. ಅವರ ಓಣಿಯ ತೆರೆದ ಚರಂಡಿಯನ್ನು ಬಗ್ಗಿ ನೋಡುವಾಗ ಕಾಲು ಜಾರಿ ಮೊಣಕಾಲಿನವರೆಗೆ ಅದರೊಳಗಿದ್ದೆ. ನೋಡಿದವರು ನಗುತ್ತಾರೆಂದು ಹೆದರಿದೆ. ಬೇಕರಿಯವರ ತಾಯಿ ಓಡಿಬಂದು ಬಾವಿಕಟ್ಟೆಗೆ ಕರೆದೊಯ್ದು ಕಾಲಿಗೆ ನೀರು ಹೊಯ್ದರು, ತಮ್ಮ ಚಪ್ಪಲಿ ಕೊಟ್ಟರು. ಮಕ್ಕಳು ಬೀಳದ ದಿನವಿಲ್ಲ ಎಂದರು. ಎರಡು ವರ್ಷ ನಾನು ಮೇಜು ಗುದ್ದಿ ತಡೆದದ್ದು ಇದೇ ಚರಂಡಿಯ ಮಾತನ್ನು. ಅವರೆದುರು ತಲೆಯೆತ್ತಲು ನಾಚಿಕೆಯಾಯಿತು.

ಮುಂದಿನ ಸಭೆಯಲ್ಲಿ ಬೇಕರಿಯವರು ಎದ್ದು, "ಗುಡ್ಡೆಯಲ್ಲಿ ಒಂದು ಕೊಡ ಹೊತ್ತು ನೋಡಿ, ಆಮೇಲೆ ಬೇಡ ಹೇಳಿ," ಎಂದರು. ಗುದ್ದಲು ಎತ್ತಿದ್ದ ಕೈಗಳು ಇಳಿದವು. ಚರಂಡಿಯ ಬಗ್ಗೆ ನಾನು ಹೇಳುವಾಗಲೂ ಯಾರೂ ಅಡ್ಡ ಬರಲಿಲ್ಲ. ಎರಡೂ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು.

ಚುನಾವಣೆ ಬಂದರೆ ನಾವು ಈಗಲೂ ಬೇರೆ ಬೇರೆಯೇ. ಆದರೆ ಗುಡ್ಡೆಗೆ ಪೈಪು ಬಂದು, ಚರಂಡಿಯ ಕೆಲಸ ಮಾತ್ರ ಮಳೆಯ ನೆಪದಲ್ಲಿ ನಿಂತಾಗ, ಪ್ರತಿ ಸೋಮವಾರ ನಾವಿಬ್ಬರೂ ಒಟ್ಟಿಗೆ ಇಂಜಿನಿಯರರ ಕೋಣೆಗೆ ಹೋಗುತ್ತಿದ್ದೆವು. ಮೂರನೆಯ ಸೋಮವಾರ ನಮ್ಮನ್ನು ಕಂಡದ್ದೇ ಅವರು ಕುರ್ಚಿಯಿಂದ ಎದ್ದು, ಇವತ್ತೇ ಜಲ್ಲಿ ಇಳಿಸುತ್ತೇನೆ ಎಂದರು.