ಶಿವರುದ್ರಮ್ಮನವರ ಜೇಡಿಮಣ್ಣಿನ ಪಾಠ

ಶಿವರುದ್ರಮ್ಮನವರನ್ನು ನಾನು ಮೊದಲು ಕಂಡದ್ದು ೧೯೩೭ರ ಮಾಘಮಾಸದಲ್ಲಿ, ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಿಂದಾಚೆ ಒಂದು ಹಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ. ಶಾಲಾ ತನಿಖೆಯ ಕೆಲಸಕ್ಕೆ ನಾನು ಹೊಸಬ. ಬೈಸಿಕಲ್ಲನ್ನು ಹುಣಿಸೇಮರಕ್ಕೆ ಒರಗಿಸಿ ಒಳಗೆ ಹೋದಾಗ ಕುರ್ಚಿ ಖಾಲಿಯಿತ್ತು. ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಕೆರೆಯ ಜೇಡಿಮಣ್ಣು ನಾದುತ್ತಿದ್ದರು. ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಕೆಸರು. ನನ್ನನ್ನು ಕಂಡು ಏಳಲು ಹೋಗಿ, "ಕೈ ಮುಗಿಯೋಣ ಅಂದ್ರೆ ಹಿಂಗಿದೆ ಸ್ವಾಮಿ. ಕೂತ್ಕೊಳ್ಳಿ, ಆದ್ರೆ ಆ ಕುರ್ಚಿನ ಪೂರ್ತಿ ನಂಬಬೇಡಿ" ಅಂದರು. ಮಕ್ಕಳು ಕಿಸಕ್ಕನೆ ನಕ್ಕವು. ನಾನು ಗೋಡೆಗೆ ಆತು ನಿಂತೆ.

ಆಗ ಕಂಡಳು ಆ ಹುಡುಗಿ. ಇಪ್ಪತ್ತು ಮಕ್ಕಳು ಒಂದು ಕಡೆ ಒತ್ತಿಕೊಂಡು ಕುಳಿತಿದ್ದರೆ ಅವಳು ಇನ್ನೊಂದು ಮೂಲೆಯಲ್ಲಿ ಒಬ್ಬಳೇ. ಮುಖದ ತುಂಬ ಸಿಡುಬಿನ ಗುಳಿಗಳು, ಒಂದು ಕಣ್ಣು ಬೆಳ್ಳಗಾಗಿತ್ತು. ನಾನು ಬೆಚ್ಚಿದೆ.

ಶಿವರುದ್ರಮ್ಮ ನನ್ನನ್ನು ಹೊರಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ಅವಳು ಭೀಮಿ, ಕುರಿ ಕಾಯುವ ದಾಸಣ್ಣನ ಮಗಳು. ದೀಪಾವಳಿ ಹೊತ್ತಿಗೆ ಊರಲ್ಲಿ ಅಮ್ಮ ಎದ್ದಿತ್ತು. ಜನ ಸಿಡುಬಿಗೆ ಹಾಗೇ ಅನ್ನುವುದು. ಮೊನ್ನೆ ಶಾಲೆಗೆ ಮರಳಿದ ಭೀಮಿಯನ್ನು ಕಂಡು ಮಕ್ಕಳು ಕಿರುಚಿ ಓಡಿದ್ದವು. ಆ ಬೆಳಿಗ್ಗೆ ದಾಸಣ್ಣ ಬಂದು, "ಇವತ್ತೊಂದಿನ ನೋಡ್ತೀನಿ ಮೇಷ್ಟ್ರಮ್ಮ. ಇಂಗೇ ಆದ್ರೆ ನಾಳೆಯಿಂದ ಕುರಿ ಹಿಂದೆ ಕಳುಸ್ತೀನಿ. ಕುರಿಗಳು ಮಕ ನೋಡಿ ಓಡಲ್ಲ" ಅಂದಿದ್ದನಂತೆ.

"ದಯೆ ಇರಬೇಕು ಅಂತ ಬಾಯಲ್ಲಿ ಹೇಳಿ ಸಾಕಾಯ್ತು. ಕೈಯಲ್ಲಿ ಮಾಡಿಸಿ ನೋಡ್ತೀನಿ" ಅಂದರು.

ಮಕ್ಕಳಿಗೆ ಅವರು ಹೇಳಿದ ಕೆಲಸ ಸುಲಭವಾಗಿತ್ತು: ನಿಮ್ಮ ನಿಮ್ಮ ಅವ್ವನ ಮುಖ ಮಾಡಿ. ಮೂಗುಬೊಟ್ಟು, ತುರುಬು, ಮುಂದಲೆ ಎಲ್ಲ ಬಂದವು. "ಏಯ್, ನಿಮ್ಮವ್ವಂಗೆ ಅಷ್ಟುದ್ದ ಮೂಗೇನೇ?" "ಬೈಯುವಾಗ ಉದ್ದ ಆಯ್ತದೆ ಕಣೇ!" ನಗುವೋ ನಗು.

ಆಮೇಲೆ ಶಿವರುದ್ರಮ್ಮ ಎಲ್ಲರ ಮುಂದೆ ಒಂದೊಂದು ಹಿಡಿ ಹುರುಳಿಕಾಳು ಸುರಿದು, "ಈಗ ಇವನ್ನ ಅವ್ವನ ಮುಖದ ತುಂಬ ಒತ್ತಿ" ಅಂದರು.

ನಗು ನಿಂತಿತು. ನಾನೂ ತಾವರೆಕೆರೆ ಕಡೆ ಹಳ್ಳಿಯಲ್ಲಿ ಬೆಳೆದವನು. ಅಮ್ಮ ಎದ್ದ ಕಾಲದಲ್ಲಿ ಇಂಥದನ್ನು ಬಾಯಲ್ಲಿ ಆಡುವುದಕ್ಕೂ ಜನ ಅಂಜುತ್ತಾರೆ. ಮಕ್ಕಳು ಮಾತ್ರ ಅಳುಕುತ್ತಲೇ ಒತ್ತಿದವು.

"ಈಗ ಇವರು ಯಾರು?"

"ನಮ್ಮವ್ವ."

"ಬಿಟ್ಟು ಓಡ್ತೀರಾ?"

"ಊಹೂಂ" ಅಂದಳು ಸರ್ವಮಂಗಳಾ, ಅಂಗಡಿ ಶಂಕರಲಿಂಗಪ್ಪನ ಮಗಳು. ಮೊನ್ನೆ ಭೀಮಿಯನ್ನು ಕಂಡು ಎಲ್ಲರಿಗಿಂತ ಜೋರಾಗಿ ಕಿರುಚಿದ್ದವಳು ಅವಳೇ.

ಮೂಲೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಭೀಮಿ ತಾನು ಮಾಡಿದ ಮುಖದಿಂದ ಹುರುಳಿಯನ್ನು ಉಗುರಲ್ಲಿ ಕಿತ್ತು ನೆಲಕ್ಕೆ ಹಾಕುತ್ತಿದ್ದಳು.

"ಯಾಕೆ ಮಗಾ?"

"ನಮ್ಮವ್ವಂಗೆ ಇಂಗೇ ಇತ್ತು. ತೆಗೀತಾ ಇವ್ನಿ."

ಅವಳ ತಾಯಿ ಕೆಂಪಕ್ಕ ಅದೇ ಬೇನೆಯಲ್ಲಿ ತೀರಿಕೊಂಡಿದ್ದಳು. ಶಿವರುದ್ರಮ್ಮನವರಿಗೆ ಅದು ಗೊತ್ತಿತ್ತು. ಪಾಠ ಹೂಡುವ ಆತುರದಲ್ಲಿ ಅದೊಂದು ಮರೆತಿತ್ತು. ಅವರ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ನಾನು ನೋಡಿದೆ. ಎದ್ದವಳು ಸರ್ವಮಂಗಳಾ. ಹೋಗಿ ಭೀಮಿಯ ಎದುರು ಕುಕ್ಕರಿಸಿ, "ತಡಿ, ಕಿವಿ ಕಡೇದು ನಾ ತೆಗೀತೀನಿ" ಎಂದು ಕೈ ಹಾಕಿದಳು.

ಅಷ್ಟರಲ್ಲಿ ಬುತ್ತಿ ತಂದ ತಾಯಂದಿರು ಬಾಗಿಲಿಗೆ ಬಂದರು. ಸಾಲಾಗಿ ಇಟ್ಟ, ಕಾಳು ಚುಚ್ಚಿದ ಮಣ್ಣಿನ ಮುಖಗಳನ್ನು ಕಂಡು ಒಬ್ಬಾಕೆ ಬುತ್ತಿಯನ್ನೇ ಕೈಬಿಟ್ಟಳು. ಶಂಕರಲಿಂಗಪ್ಪನ ಹೆಂಡತಿ ಕಮಲಾಕ್ಷಮ್ಮ ತನ್ನ ಮೂಗುಬೊಟ್ಟನ್ನು ಗುರುತು ಹಿಡಿದು ಚೀರಿದಳು.

"ಅಯ್ಯೋ, ಇದು ನಾನೇ ಕಣ್ರೇ! ಅಮ್ಮ ಇನ್ನೂ ಊರು ಬುಟ್ಟಿಲ್ಲ, ಇವಳು ಕರೆದು ಮಣೆ ಹಾಕ್ತಾವ್ಳೆ!"

ಆ ಮುಖವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಉಳಿದ ಹೆಂಗಸರೂ ತಮ್ಮ ತಮ್ಮದನ್ನು ಎತ್ತಿ ಒಡೆದರು; ಮೂಲೆಯಲ್ಲಿದ್ದದ್ದು ಮಾತ್ರ ಉಳಿಯಿತು. ಕಮಲಾಕ್ಷಮ್ಮ ನನ್ನ ಕಡೆ ತಿರುಗಿ, "ಬುದ್ಧೀ, ಇವಳ್ನ ಎತ್ತಂಗಡಿ ಮಾಡಿ. ಇಲ್ದಿದ್ರೆ ಒಂದು ಮಗೂನೂ ಬರಾಕಿಲ್ಲ" ಅಂದಳು.

"ತಪ್ಪಾಯ್ತು" ಎಂದು ಶಿವರುದ್ರಮ್ಮನವರ ದನಿ ಕೇಳಿತು. ಹೆಂಗಸರು ತಮಗೇ ಹೇಳಿದ್ದೆಂದು ತಿರುಗಿದರೆ, ಅವರು ಭೀಮಿಯ ಮುಂದೆ ಮೊಣಕಾಲೂರಿದ್ದರು. "ತಪ್ಪಾಯ್ತು ಮಗಾ. ನಿನ್ನವ್ವನ್ನ ನಾನು ಮರೆತೆ."

"ಮಂಗಳಾ, ಏಳೇ ಮೇಲೆ!" ಎಂದು ಕಮಲಾಕ್ಷಮ್ಮ ಗದರಿದಳು.

ಹುಡುಗಿ ತಲೆ ಎತ್ತಲಿಲ್ಲ. "ತಾಳವ್ವ. ಕೆಂಪಕ್ಕಂದು ಇನ್ನೂ ಮುಗಿದಿಲ್ಲ."

ಕೆಂಪಕ್ಕ ಎಂಬ ಹೆಸರು ಕೇಳಿ ಕಮಲಾಕ್ಷಮ್ಮ ಮಗಳ ಕಡೆ ಚಾಚಿದ ಕೈ ಹಿಂದೆಗೆದಳು. ವರ್ಷಗಟ್ಟಲೆ ಅವಳ ಮನೆಗೆ ಕಂಬಳಿ ತಂದುಕೊಟ್ಟವಳು, ಹೆರಿಗೆಯಲ್ಲಿ ಪಕ್ಕದಲ್ಲಿ ಕೂತವಳು ಆ ಕೆಂಪಕ್ಕ. ಸತ್ತಾಗ ಅಮ್ಮನ ಭಯಕ್ಕೆ ಊರಿನ ಒಬ್ಬರೂ ಆ ಮನೆ ಬಾಗಿಲಿಗೆ ಹೋಗಿರಲಿಲ್ಲ. ಕಮಲಾಕ್ಷಮ್ಮ ಬಗ್ಗಿದ್ದ ಆ ಎರಡು ತಲೆಗಳನ್ನು ನೋಡಿದಳು. ಕೊನೆಗೆ, "ಮುಗಿಸಿ, ಕೈ ತೊಳ್ಕೊಂಡು ಬಾ" ಎಂದಷ್ಟೇ ಹೇಳಿ ಹೊರಟುಹೋದಳು.

ಮರುದಿನ ಶಾಲೆಗೆ ಬಂದವರು ಇಬ್ಬರೇ. ಭೀಮಿಯನ್ನು ಬಿಡಿಸಿಕೊಂಡು ಹೋಗಲು ಬಂದ ದಾಸಣ್ಣ, ಸರ್ವಮಂಗಳಾ ಅವಳಿಗೆ ಅಂಟಿಕೊಂಡು ಕುಳಿತದ್ದನ್ನು ಬಾಗಿಲಲ್ಲೇ ನೋಡಿ, ಕೋಲು ಹೆಗಲಿಗೇರಿಸಿ ಒಬ್ಬನೇ ಹಿಂತಿರುಗಿದ. ಮಿಕ್ಕ ಮಕ್ಕಳು ನಿಧಾನವಾಗಿ ಬಂದವು. ಆದರೂ ಊರಿನ ಗಂಡಸರು ಬರೆದ ಅರ್ಜಿಗೆ ಮೇಲಿನವರು ಕಿವಿಗೊಟ್ಟರು. ಯುಗಾದಿಯ ಹೊತ್ತಿಗೆ ಶಿವರುದ್ರಮ್ಮನವರಿಗೆ ವರ್ಗವಾಯಿತು. ಭೀಮಿ ನಾಲ್ಕನೆಯ ತರಗತಿಯವರೆಗೆ ಅಲ್ಲೇ ಓದಿದಳು.

ಶಿವರುದ್ರಮ್ಮನವರು ಈಗ ಪಾವಗಡ ತಾಲ್ಲೂಕಿನಲ್ಲಿ, ನಾಗಲಮಡಿಕೆಯ ದಾರಿಯ ಒಂದು ಹಳ್ಳಿಯಲ್ಲಿ, ಮನೆಯಲ್ಲಿ ತೆಲುಗು ಆಡುವ ಸಣ್ಣ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಬೇನೆಬಿದ್ದು ಮನೆಯಲ್ಲೇ ಉಳಿದ ಮಕ್ಕಳಿದ್ದರೆ, ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋಗಿ ಕೂರುತ್ತಾರೆ.