ಪಿ.ಪಿ. ಕಂಪ್ಯೂಟರು

ನನ್ನ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರಿದೆ. ಹೀಗೆ ಹೇಳಿಕೊಳ್ಳುವುದು ನನಗೆ ಬಹಳ ಹೆಮ್ಮೆಯ ಸಂಗತಿಯಾಗಿತ್ತು, ಶಾರದಕ್ಕ ಬಂದು ನಮ್ಮ ಜಗಲಿಯಲ್ಲಿ ಕೂರುವವರೆಗೆ.

ಹೊಸನಗರದ ನಮ್ಮ ನಿವೃತ್ತರ ಸಂಘಕ್ಕೆ ನಾನು ಕಾರ್ಯದರ್ಶಿ. ಮೇಷ್ಟರಾಗಿದ್ದಾಗ ದಿನಾ ಹಾಜರಿ ಕರೆದವನೆಂದು ಈ ಕೆಲಸ ಕೊಟ್ಟರೋ ಏನೋ, ವರ್ಷಕ್ಕೊಮ್ಮೆ ಪಿಂಚಣಿಗಾಗಿ ಸದಸ್ಯರೆಲ್ಲ ಬದುಕಿದ್ದಾರೆಂದು ಸರ್ಕಾರಕ್ಕೆ ತಿಳಿಸುವುದು ನನ್ನ ಪಾಲಿಗೆ ಬಂದಿದೆ. ಅದಕ್ಕೊಂದು ಪುಟ್ಟ ಯಂತ್ರವಿದೆ. ಬೆರಳು ಒತ್ತಿದರೆ ಕೆಂಪು ದೀಪ, ಆಮೇಲೆ ಹಸಿರು, ಆಮೇಲೆ ನೀವು ಜೀವಂತ. ಈ ಸಲ ನಾನು ಹೊಸ ಲ್ಯಾಪ್‌ಟಾಪ್ ಕೊಂಡದ್ದೇ ತಪ್ಪಾಯಿತು. ಬೆರಳಿನ ಯಂತ್ರ ಹಳೇ ಕಾಲದ್ದು, ಹೊಸಬರ ಜೊತೆ ಮಾತಾಡುವುದಿಲ್ಲವೆಂದು ಮುನಿಸಿಕೊಂಡಿತು. ಸಾಗರದ ಅಂಗಡಿಯವನು ಉಪಾಯ ಹೂಡಿ, ಹೊಸದರ ಒಳಗೇ ಒಂದು ಹಳೇ ಕಂಪ್ಯೂಟರನ್ನು ಕೂರಿಸಿಕೊಟ್ಟ. ಅದಕ್ಕೆ ತೂಕವಿಲ್ಲ, ಮುಟ್ಟಲು ಸಿಗುವುದಿಲ್ಲ, ಆದರೆ ಕರೆದರೆ ತನ್ನ ಹಳೇ ಸದ್ದು ಮಾಡಿಕೊಂಡು ಕಿಟಕಿಯೊಳಗೆ ಎದ್ದು ಕೂರುತ್ತದೆ. ವರ್ಚುವಲ್ ಮೆಷಿನ್, ಅಂದರೆ ಮಿಥ್ಯಾ ಯಂತ್ರ, ಎಂದು ಅದರ ಹೆಸರು. ಹೊತ್ತುಕೊಂಡದ್ದು ಹೋಸ್ಟ್, ಒಳಗೆ ಕೂತದ್ದು ಗೆಸ್ಟ್.

ನಮ್ಮಜ್ಜ ಮಿಥ್ಯೆಯೆಂದರೆ ಏನೆಂದು ತಿಳಿಸಲು ಹಗ್ಗದಲ್ಲಿ ಕಂಡ ಹಾವಿನ ಕಥೆ ಹೇಳುತ್ತಿದ್ದರು. ಹಾವು ಸುಳ್ಳು, ಹೆದರಿಕೆ ಮಾತ್ರ ನಿಜ. ಆ ಹಾವು ಹೆಡೆಯೆತ್ತಿ ‘ನಿಮ್ಮನೆ ವೈಫೈ ಕೊಡಿ’ ಎಂದೀತೆಂದು ಪಾಪ ಅವರಿಗೂ ಹೊಳೆದಿರಲಿಲ್ಲ.

ಶಾರದಕ್ಕ ನಮ್ಮ ಪಕ್ಕದ ಕೇರಿಯವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಮಾಸ್ತಿಕಟ್ಟೆಯ ಇಂಜಿನಿಯರರಿಂದ ಹಿಡಿದು ತೀರ್ಥಹಳ್ಳಿಯ ಅಡುಗೆಭಟ್ಟರವರೆಗೆ ಎಲ್ಲರ ದನಿಯೂ ಅವರ ಕಿವಿಯನ್ನು ಹಾದೇ ಹೋಗಬೇಕಿತ್ತು. ಈಗ ಅವರ ಹತ್ತಿರ ಒಂದು ಮೊಬೈಲೂ ಇಲ್ಲ. “ಊರಿಗೆಲ್ಲ ಫೋನ್ ಕೊಟ್ಟಾಯ್ತು, ಇನ್ನು ನಂಗೆಂತಕ್ಕೆ?” ಎನ್ನುತ್ತಾರೆ. ಅವರು ಬಂದದ್ದು ಬೆರಳೊತ್ತುವ ಕಡೇ ದಿನ. ಸಂಜೆಯೊಳಗೆ ಅವರ ಬೆರಳು ಸರ್ಕಾರಕ್ಕೆ ಮುಟ್ಟದಿದ್ದರೆ, ತಾವು ಸತ್ತಿಲ್ಲವೆಂದು ಒಪ್ಪಿಸಲು ಶಿವಮೊಗ್ಗಕ್ಕೆ ಅಲೆಯಬೇಕು. ಮುಖ ತೋರಿಸಿಯೂ ಬದುಕಬಹುದಂತೆ, ಆದರೆ ಕಣ್ಣಿನ ಪೊರೆ ತೆಗೆಸಿಕೊಂಡು ಮೂರು ದಿನವಾಗಿತ್ತು, ಅರ್ಧ ಮುಖ ಪಟ್ಟಿಯೊಳಗಿತ್ತು.

ಬೆರಳಿಟ್ಟರು. ದೀಪ ಹಸಿರಾಯಿತು. ಒಳಗಿನ ಕಂಪ್ಯೂಟರು ಮಾತ್ರ ‘ಇಂಟರ್ನೆಟ್ ಇಲ್ಲ’ ಎಂದಿತು. ಹೊರಗಿನದರಲ್ಲಿ ನೋಡಿದರೆ ಧಾರಾಳವಾಗಿ ಇದೆ! ನಮ್ಮ ಕಡೆ ಮೊದಲೆಲ್ಲ ನೆಂಟರು ಬಂದರೆ ಬೆಲ್ಲ ನೀರು ಕೊಡುತ್ತಿದ್ದೆವು, ಈಗ ಪಾಸ್‌ವರ್ಡ್ ಕೊಡುತ್ತೇವೆ. ನನ್ನ ಮನೆಯೊಳಗೇ ಕೂತ ನೆಂಟ ಬಾಯಾರಿ ಒದ್ದಾಡುತ್ತಿದ್ದಾನೆ.

ಅಂಗಡಿಯವನು ಸಂಪರ್ಕದ ಜಾಗದಲ್ಲಿ ‘ಬ್ರಿಜ್’ ಎಂದು ಆರಿಸಿಟ್ಟಿದ್ದ. ಮಲೆನಾಡಿನವನಿಗೆ ಬ್ರಿಜ್ ಅಂದರೆ ಸಂಕ, ಹಳ್ಳಕ್ಕೆ ಅಡ್ಡ ಹಾಕಿದ ಮರ. ಸಂಕವಿದೆಯೆಂದ ಮೇಲೆ ದಾಟಲು ಏನು ಧಾಡಿ ಎಂದುಕೊಂಡು, ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮುಟ್ಟಿದೆ. ರೂಟರನ್ನು ಮೂರು ಸಲ ಆರಿಸಿ ಹಚ್ಚಿದೆ. ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದೆ. ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: “ಇದ್ದ ನೆಟ್ಟೂ ಹೋಯ್ತಲ್ರೀ!”

“ಎಂತ ಮೇಷ್ಟ್ರೇ,” ಎಂದರು ಶಾರದಕ್ಕ, “ನಾ ಇದೀನಾ, ಇಲ್ವಾ? ಬೇಗ ಹೇಳಿ. ಇಲ್ಲ ಅಂದ್ರೆ ರಾತ್ರಿಗೆ ಅಕ್ಕಿ ಹಾಕೋದಾದ್ರೂ ಉಳೀತು.”

ನಾಚಿಕೆ ಬಿಟ್ಟು ಅವರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿ ಕೇಳಿದರು: “ಆ ಒಳಗಿಂದಕ್ಕೆ ಬೇರೆ ನಂಬರ್ ಕೊಟ್ಟೀರಾ?”

“ಬ್ರಿಜ್ ಅಂದ್ರೆ ಹಾಗೇ ಅಂತೆ. ಅದು ತನ್ನದೇ ಹೆಸರಲ್ಲಿ ಹೊರಗೆ ಹೋಗ್ತದಂತೆ.”

“ಥೋ! ಇಲ್ಲದ ಮನುಷ್ಯಂಗೆ ಯಾರ್ ಲೈನ್ ಕೊಡ್ತಾರೆ ಮಾರಾಯ್ರೇ? ಪಿ.ಪಿ. ಮಾಡಿ.”

ಓದುಗರಲ್ಲಿ ಚಿಕ್ಕವರಿದ್ದರೆ ಪಿ.ಪಿ. ಗೊತ್ತಿರಲಿಕ್ಕಿಲ್ಲ. ಊರಿಗೆ ಹತ್ತು ಫೋನಿದ್ದ ಕಾಲದಲ್ಲಿ ಮದುವೆ ಕಾಗದದ ಕೆಳಗೆ ಪಕ್ಕದ ಜವಳಿ ಅಂಗಡಿಯ ನಂಬರು ಹಾಕಿಸಿ, ಮುಂದೆ ಪಿ.ಪಿ. ಎಂದು ಸೇರಿಸುತ್ತಿದ್ದೆವು. ಫೋನು ನಮ್ಮದಲ್ಲ, ಕರೆ ಮಾತ್ರ ನಮಗೆ. “ಹೊರಗಿನೋರಿಗೆ ಗೊತ್ತಿರೋದು ಅಂಗಡಿ ನಂಬರೊಂದೇ,” ಎಂದರು ಶಾರದಕ್ಕ. “ಬಂದ ಕಾಲ್ ಯಾರಿಗೆ, ಯಾವ ಮನೆಗೆ ಕೂಗ್ಬೇಕು ಅನ್ನೋದು ಅಂಗಡಿಯೋನಿಗೆ ಗೊತ್ತು. ಅಷ್ಟೇ ಅಲ್ವಾ?”

ಅಡುಗೆಮನೆಗೆ ಹೋಗಿ ಹೆಂಡತಿಯ ಮೊಬೈಲಿನಿಂದ ಸಾಗರಕ್ಕೆ ಫೋನು ಹಚ್ಚಿ, ಗೆಸ್ಟು ಹೋಸ್ಟಿನ ಹೆಸರಲ್ಲೇ ಹೊರಗೆ ಹೋಗಿ ಬರುವ ಏರ್ಪಾಡು ಏನಾದರೂ ಇದೆಯಾ ಎಂದೆ. ಅಂಗಡಿಯವನು ಹೇಳಿದ: “ಅಯ್ಯೋ ಸಾರ್, ಅದಕ್ಕೆ ನ್ಯಾಟ್ ಅಂತಾರೆ! ಬ್ರಿಜ್ ಇರೋ ಪಟ್ಟೀಲೇ ಇದೆ ನೋಡಿ. ನಮ್ಮಂಗಡೀಲಿ ವೈರಿತ್ತು, ಬ್ರಿಜ್ ನಡೀತು. ನಿಮ್ದು ವೈಫೈ ಅಂತ ನಂಗೆ ಹೊಳೀಲೇ ಇಲ್ಲ. ವೈಫೈ ಸುಮಾರು ಕಡೆ ಎರಡನೇ ಹೆಸ್ರು ಒಪ್ಪಲ್ಲ.”

ಹೌದಲ್ಲ, ಗಾಳಿಗೆ ಯಾರು ಸಂಕ ಹಾಕಿದ್ದಾರೆ!

ನ್ಯಾಟ್ ಎಂದು ಒತ್ತಿದೆ. ಶಾರದಕ್ಕ ಮತ್ತೆ ಬೆರಳಿಟ್ಟರು. ಕೆಂಪು, ಹಸಿರು. ಪರದೆಯ ಮೇಲೆ ಏನೋ ಗರಗರ ಸುತ್ತತೊಡಗಿತು. ಇಲ್ಲದ ಯಂತ್ರವೊಂದು, ಇರುವ ಹೆಂಗಸೊಬ್ಬರು ಇದ್ದಾರೆಂದು, ಇನ್ನೊಬ್ಬರ ಹೆಸರಿನಲ್ಲಿ, ಕಾಣದ ಸರ್ಕಾರಕ್ಕೆ ಸಾಕ್ಷಿ ಹೇಳುತ್ತಿತ್ತು. ನಾವಿಬ್ಬರೂ ಪರದೆಯನ್ನೇ ನೋಡುತ್ತಿದ್ದಾಗ ಉತ್ತರ ಬಂದದ್ದು ಅಡುಗೆಮನೆಯಿಂದ.

“ಶಾರದಕ್ಕಾ, ನೀವು ಇದೀರಂತೆ!”

ಮೊಬೈಲಿಲ್ಲದ ಶಾರದಕ್ಕ ಅರ್ಜಿಗೆ ಕೊಟ್ಟದ್ದು ನನ್ನ ಹೆಂಡತಿಯ ನಂಬರು. ಸರ್ಕಾರದ ಸಂದೇಶ ನೇರ ಒಗ್ಗರಣೆಯ ಪಕ್ಕಕ್ಕೇ ಬಂದಿಳಿದಿತ್ತು.

“ಇದೀನಾ? ಹಾಗಾರೆ ಇನ್ನರ್ಧ ಲೋಟ ಕಾಫಿ ಕೊಡು ಮಾರಾಯ್ತಿ,” ಎಂದು ಶಾರದಕ್ಕ ಕಾಲು ಚಾಚಿ ಕೂತರು. ಆಮೇಲೆ ನನ್ನತ್ತ ತಿರುಗಿದರು. “ಅಲ್ಲ ಮೇಷ್ಟ್ರೇ, ಸಂಘದ ಪಟ್ಟೀಲಿ ನಿಮ್ಮ ಹೆಸ್ರಿನ ಮುಂದಿರೋ ನಂಬರೂ ಇವಳದ್ದೇ ಅಲ್ವಾ?”

ಹೌದು. ನನ್ನ ಮೊಬೈಲು ಯಾವಾಗಲೂ ಹಾಸಿಗೆಯ ಸಂದಿಯಲ್ಲೋ, ಹಿತ್ತಿಲ ಕಟ್ಟೆಯ ಮೇಲೋ ಸತ್ತು ಬಿದ್ದಿರುತ್ತದೆ. ನಾನು ಬೇಕಾದವರೆಲ್ಲ ಇವಳಿಗೇ ಫೋನು ಮಾಡುತ್ತಾರೆ. ಈ ಗಳಿಗೆಯಲ್ಲಿ ನಾನು ಎಲ್ಲಿದ್ದೇನೆ, ಎಷ್ಟು ಜೋರಾಗಿ ಕೂಗಿದರೆ ಕೇಳಿಸುತ್ತದೆ ಎಂಬುದು ಲೋಕದಲ್ಲಿ ಇವಳೊಬ್ಬಳಿಗೇ ಗೊತ್ತು.

“ಮುಂದೆ ಪಿ.ಪಿ. ಅಂತ ಸೇರ್ಸಿ. ಸುಳ್ಳು ಬರೀಬಾರ್ದು,” ಎಂದರು ಶಾರದಕ್ಕ.

ಪಟ್ಟಿ ತೆಗೆದು ಸೇರಿಸಿದೆ. ಎರಡನೇ ಪಿ.ಗೆ ಚುಕ್ಕೆ ಇಡುತ್ತಿದ್ದಂತೆ ಒಳಗಿನಿಂದ ಕೂಗು ಬಂತು: “ರೀ, ನಿಮ್ಗೆ ಫೋನು!”